ಹರಕೆ ಅಜ್ಜಿಯದು, ಇನ್ಸುಲಿನ್ ಮೊಮ್ಮಗಳದು

ಓದುಗರ ಪತ್ರ: ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಡಯಾಬಿಟಿಸ್ ಎಂದು ಗೊತ್ತಾಗಿ ಎರಡು ತಿಂಗಳಾಯಿತು. ಅತ್ತೆಯವರು ಧರ್ಮಸ್ಥಳಕ್ಕೆ ಹರಕೆ ಹೊತ್ತು ಮನೆಯಲ್ಲಿ ಮಂಡಲ ಪೂಜೆ ಹಿಡಿದಿದ್ದಾರೆ. ಇನ್ಸುಲಿನ್ ಡೋಸ್ ಅರ್ಧಕ್ಕೆ ಇಳಿದಿದೆ. 48 ದಿನ ತುಂಬಿದ ಮೇಲೆ ಸೂಜಿ ಬಿಡಿಸೋಣ ಎನ್ನುತ್ತಾರೆ. ಅವರ ನಂಬಿಕೆ ನೋಯಿಸಲು ಮನಸ್ಸಿಲ್ಲ. ಏನು ಮಾಡಲಿ?

ಸಂಪಾದಕರ ಉತ್ತರ: ಸೂಜಿಯನ್ನು ಒಂದು ದಿನವೂ ಬಿಡಬೇಡಿ. ಪೂಜೆ ನಡೆಯಲಿ.

ಅತ್ತೆಯವರು ಕಂಡದ್ದು ಸುಳ್ಳಲ್ಲ, ಡೋಸ್ ಇಳಿದಿರುವುದು ನಿಜ. ಕಾಯಿಲೆ ಪತ್ತೆಯಾಗುವಾಗ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೆಲ್ಲ ಸತ್ತಿರುವುದಿಲ್ಲ. ಹೊರಗಿನ ಇನ್ಸುಲಿನ್‌ನಿಂದ ಸಕ್ಕರೆ ಹತೋಟಿಗೆ ಬಂದಾಗ ಉಳಿದವು ಚೇತರಿಸಿಕೊಂಡು ಕೆಲ ವಾರ, ಕೆಲ ತಿಂಗಳು ದುಡಿಯುತ್ತವೆ. ವೈದ್ಯರು ಇದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ದೇಹದ ರೋಗನಿರೋಧಕ ಶಕ್ತಿಯೇ ಆ ಕೋಶಗಳ ಮೇಲೆ ನಡೆಸುವ ದಾಳಿ ನಿಂತಿರುವುದಿಲ್ಲವಾದ್ದರಿಂದ ಇದು ಮುಗಿದೇ ಮುಗಿಯುತ್ತದೆ. ಈ ಹೊತ್ತಿನಲ್ಲಿ ಮಂಡಲ ಹಿಡಿದರೂ ನಾಟಿ ಕಷಾಯ ಕುಡಿಸಿದರೂ ಅದೇ ಫಲಿಸಿದಂತೆ ಕಾಣುತ್ತದೆ. ನಾಳೆ ಡೋಸ್ ಏರಿದಾಗ ‘ಪೂಜೆಯಲ್ಲಿ ಲೋಪವಾಯಿತು’ ಎಂಬ ಮಾತು ಹುಟ್ಟುತ್ತದೆ, ಸಾಮಾನ್ಯವಾಗಿ ಸೊಸೆಯ ತಲೆಗೇ ಕಟ್ಟುತ್ತದೆ. ಹಾಗಾಗಿ ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದೊಯ್ದು ವೈದ್ಯರಿಂದಲೇ ಹೇಳಿಸಿ.

ಸೂಜಿ ನಿಂತರೆ ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಏರುತ್ತದೆ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ. ನಮ್ಮ ಮನೆಗಳಲ್ಲಿ ಇದು ಅಜೀರ್ಣವೆಂದೋ ದೃಷ್ಟಿಯೆಂದೋ ತಳ್ಳಿಹೋಗುತ್ತದೆ. ಸಕ್ಕರೆ 250 ದಾಟಿದ್ದರೆ ಕೀಟೋನ್ ಪರೀಕ್ಷಿಸುವ ಪಟ್ಟಿಯಲ್ಲಿ (ಸ್ಟ್ರಿಪ್) ನೋಡಿ. ಕೀಟೋನ್ ಇದ್ದು ವಾಂತಿಯೂ ಆದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಹರಕೆಯಲ್ಲಿ ಉಪವಾಸವಿದ್ದರೆ ಅದನ್ನು ದೊಡ್ಡವರು ಮಾಡಲಿ. ಮುಡಿ ಕೊಡಲು ಅಡ್ಡಿಯಿಲ್ಲ. ಪಂಚಕಜ್ಜಾಯ ಬೇಡವೆನ್ನಬೇಡಿ, ಊಟದ ಜೊತೆ ಲೆಕ್ಕಕ್ಕೆ ಹಿಡಿದು ಕೊಡಿ. ಎಡವಟ್ಟಾಗುವುದು ಸರದಿ ಸಾಲಿನಲ್ಲಿ: ‘ಇನ್ನೇನು ಊಟ’ ಎಂದು ಇನ್ಸುಲಿನ್ ಕೊಟ್ಟಿರುತ್ತಾರೆ, ಸಾಲು ಕದಲುವುದಿಲ್ಲ, ಊಟವಿಲ್ಲದೆ ಸಕ್ಕರೆ ಕುಸಿಯುತ್ತದೆ. ಊಟದ ಸೂಜಿ ಎಲೆಯ ಮುಂದೆ ಕೂತ ಮೇಲೆಯೇ. ಮಗು ಬೆವರಿದರೆ, ನಡುಗಿದರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಐಸಿಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

‘ಯಾರ ಪಾಪವೋ’ ಎಂಬ ಮಾತು ಮಾತ್ರ ಮಗುವಿನ ಕಿವಿಗೆ ಬೀಳಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಈ ಎರಡನ್ನು ಬೇರೆಬೇರೆಯಾಗಿಯೇ ನೋಡಿದರು: ದೇವರು ಜೊತೆಗಿದ್ದಾನೆಂಬ ಭಾವ ಒಂದು, ದೇವರು ಶಿಕ್ಷಿಸುತ್ತಿದ್ದಾನೆಂಬ ಭಾವ ಇನ್ನೊಂದು. ಎರಡನೆಯದು ಸಂಕಟ ಹೆಚ್ಚಿದವರಲ್ಲೇ ಹೆಚ್ಚು ಕಾಣುತ್ತದೆ.

ಅತ್ತೆಯವರಿಗೊಂದು ಕೆಲಸ ವಹಿಸಿ. ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್ ಇದ್ದು ಅದು ಸಂಜೆಯದಾದರೆ, ದೀಪ ಹಚ್ಚಿದ ಕೂಡಲೇ ನೆನಪಿಸಿ, ಮೀಟರಿನ ಅಂಕಿಯನ್ನು ಅವರೇ ಪುಸ್ತಕದಲ್ಲಿ ಬರೆದಿಡಲಿ.