ಲೂಪಿನಲ್ಲಿ ಗೋಲಿ ನಿಲ್ಲುತ್ತಿಲ್ಲ ಎಂದ ಸಾಗರದ ಸರ್‌ಗೆ

ಸರ್, ನಿಮ್ಮ ವಿಡಿಯೋ ನೋಡಿದೆ. ಮಗಳ ವಿಜ್ಞಾನ ಮಾದರಿ, ಗೋಲಿ ಸುತ್ತಬೇಕಾದ ಲೂಪ್ (ನಿಲ್ಲಿಸಿದ ವೃತ್ತದಂತಹ ಟ್ರ್ಯಾಕ್) 30 ಸೆಂ.ಮೀ. ಎತ್ತರ, ಗೋಲಿ ಬಿಟ್ಟಿದ್ದೂ 30 ಸೆಂ.ಮೀ.ನಿಂದಲೇ. 'ಶಕ್ತಿ ಸಂರಕ್ಷಣೆ ಪ್ರಕಾರ ಲೂಪಿನ ಮೇಲ್ತುದಿ ಮುಟ್ಟಬೇಕಿತ್ತು, ಘರ್ಷಣೆಯಿಂದ ಬೀಳ್ತಿದೆ' ಅಂತ ಬರೆದಿದ್ದೀರಿ. ಮೊದಲ ಸಲ ನನ್ನ ಲೆಕ್ಕವೂ ಇದೇ ಇತ್ತು. ಆದರೆ ಘರ್ಷಣೆಯನ್ನು ಪೂರ್ತಿ ಸೊನ್ನೆ ಮಾಡಿದರೂ ಆ ಗೋಲಿ ತುದಿಗೆ ಹೋಗುವುದಿಲ್ಲ.

ತುದಿಯಲ್ಲಿ ವೇಗ ಸೊನ್ನೆಯಾದರೆ ಗೋಲಿಯನ್ನು ಅಲ್ಲಿ ಹಿಡಿಯುವವರು ಯಾರು? ವೃತ್ತದಲ್ಲೇ ಉಳಿಯಬೇಕು ಅಂದ್ರೆ ತುದಿಯಲ್ಲಿ ವೇಗದ ವರ್ಗ ಕನಿಷ್ಠ ಜಿ ಗುಣಿಸು ಆರ್ ಇರಬೇಕು (ಜಿ ಅಂದರೆ ಗುರುತ್ವ ವೇಗೋತ್ಕರ್ಷ, ಆರ್ ಅಂದರೆ ಲೂಪಿನ ತ್ರಿಜ್ಯ). ನಿಮ್ಮ 15 ಸೆಂ.ಮೀ. ತ್ರಿಜ್ಯಕ್ಕೆ ಆ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್. ಆ ವೇಗಕ್ಕೆ ಇನ್ನೂ ಅರ್ಧ ತ್ರಿಜ್ಯದಷ್ಟು ಎತ್ತರ ಬೇಕು. ಒಟ್ಟು ಎರಡೂವರೆ ಆರ್, ಅಂದರೆ 37.5 ಸೆಂ.ಮೀ. ಘರ್ಷಣೆಯೇ ಇಲ್ಲದಿದ್ದರೂ 30ರಿಂದ ಬಿಟ್ಟದ್ದು 25 ಸೆಂ.ಮೀ. ಹತ್ತುವಷ್ಟರಲ್ಲೇ ಟ್ರ್ಯಾಕ್ ಬಿಡುತ್ತದೆ. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ. ಗೋಲಿ ನಿಂತು ಬೀಳುತ್ತಿಲ್ಲ, ಓಡುತ್ತಿರುವಾಗಲೇ ಬಿಟ್ಟು ಒಳಕ್ಕೆ ಬಾಗಿ ಬೀಳುತ್ತಿದೆ.

37.5 ಕೂಡ ಸಾಲದು. ಗೋಲಿ ಜಾರುವುದಿಲ್ಲ, ಉರುಳುತ್ತದೆ. ಚಲನಶಕ್ತಿಯ ಏಳರಲ್ಲಿ ಎರಡು ಪಾಲು ತಿರುಗುವುದಕ್ಕೇ ಹೋಗುತ್ತದೆ. ಹಾಗಾಗಿ 2.7 ಆರ್ ಬೇಕು. ಅಳತೆ ಗೋಲಿಯ ಮಧ್ಯದಿಂದ. ನಾನಂತೂ ಮೂರೂವರೆ ಆರ್‌ನಿಂದ ಶುರು ಮಾಡಿಸಿ, ಇಳಿಸುತ್ತಾ ಹೋಗಿ, ಎಲ್ಲಿ ಬೀಳುತ್ತೆ ಅಂತ ಮಕ್ಕಳಿಂದಲೇ ಹುಡುಕಿಸುತ್ತೇನೆ.

ದಯವಿಟ್ಟು ಟ್ರ್ಯಾಕಿಗೆ ಸವರಿದ ಆ ಕೊಬ್ಬರಿ ಎಣ್ಣೆ ಒರೆಸಿಬಿಡಿ! ಎಣ್ಣೆ ಸವರಿದರೆ ಘರ್ಷಣೆ ಮಾಯ ಆಗಲ್ಲ, ಗೋಲಿಗೆ ಅಂಟಿ ಎಳೆಯುತ್ತದೆ. ಡಿಸೆಂಬರ್ ಚಳಿಗೆ ನಮ್ಮ ಕಡೆ ಅದು ಹೆಪ್ಪುಗಟ್ಟುತ್ತದೆ ಬೇರೆ. ಸರಿಯಾಗಿ ಉರುಳುವಾಗ ಘರ್ಷಣೆ ಶಕ್ತಿಯನ್ನು ಹೆಚ್ಚೇನೂ ತಿನ್ನುವುದಿಲ್ಲ. ತಿನ್ನುವುದು ಟ್ರ್ಯಾಕಿನ ಅಲುಗಾಟ.

ಅದಕ್ಕೇ ಹೇಳೋದು, ರಟ್ಟು, ಅಲ್ಯೂಮಿನಿಯಂ ಚಾನೆಲ್ ಎಲ್ಲ ಬಿಡಿ. ಕಿರಿದಾದ ಚಾನೆಲ್‌ನಲ್ಲಿ ಗೋಲಿ ಎರಡು ಅಂಚಿನ ಮೇಲೆ ಕೂತು ಓಡುತ್ತದೆ, ಆಗ ತಿರುಗುವುದಕ್ಕೆ ಇನ್ನೂ ಜಾಸ್ತಿ ಶಕ್ತಿ ಹೋಗುತ್ತದೆ. ತೋಟಕ್ಕೆ ಹಾಕಿ ಉಳಿದ ಕಪ್ಪು ಎಚ್‌ಡಿಪಿಇ ಪೈಪ್ ಮನೇಲಿ ಇದ್ದೇ ಇರುತ್ತೆ, ಅಲ್ವಾ? ಒಂದಿಂಚಿಂದು ತಗೊಳ್ಳಿ. ಸುರುಳಿ ಬಿಚ್ಚಬೇಡಿ. ಒಳಮಗ್ಗುಲನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಹೊರಗಿನ ಅರ್ಧವೇ ಟ್ರ್ಯಾಕ್. ಕೊಯ್ದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಸುರುಳಿ ಎಷ್ಟು ದೊಡ್ಡದಿದೆಯೋ ಲೂಪ್ ಅಷ್ಟೇ ಇರಲಿ. 30 ಸೆಂ.ಮೀ.ಗೆ ಬಲವಂತವಾಗಿ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ. 60ರ ಲೂಪ್ ಆದರೆ ಇಳಿಜಾರು ಒಂದು ಮೀಟರ್ ಮೇಲಿಂದ ಬರಲಿ. ಒಳಬರುವ ಬಾಯಿ ಮತ್ತು ಹೊರಹೋಗುವ ಬಾಯಿ ಪಕ್ಕಪಕ್ಕ ಇರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಡ್ಡ.

ಫೆವಿಕ್ವಿಕ್ ಬೇರೆ ಹಲವಕ್ಕೆ ಒಳ್ಳೆಯದೇ, ಆದರೆ ಈ ಜಾತಿ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ತೂತು ಮಾಡಿ ಬೈಂಡಿಂಗ್ ವೈರ್ ಹಾಕಿ ಅಡಿಕೆ ದಬ್ಬೆಗೆ ಬಿಗಿಯಿರಿ. ತಳದಲ್ಲಿ ಎರಡು ಕಡೆ ಕಟ್ಟಿ. ಎರಡೂವರೆ ಆರ್‌ನಿಂದ ಬಿಟ್ಟ, ಜಾರುವ ವಸ್ತುವಿನ ಲೆಕ್ಕದಲ್ಲಿ ಅಲ್ಲಿ ಬೀಳುವ ಬಲ ಅದರ ತೂಕದ ಆರು ಪಟ್ಟು.

ಜಡ್ಜ್‌ಗಳು 'ಭಾರದ ಗುಂಡು ಹಾಕಿದರೆ?' ಅಂತ ಕೇಳೇ ಕೇಳುತ್ತಾರೆ. ದ್ರವ್ಯರಾಶಿ ಸಮೀಕರಣದ ಎರಡೂ ಕಡೆ ಹೊಡೆದುಹೋಗುತ್ತದೆ, ಉಕ್ಕಿನ ಗುಂಡಿಗೂ ಅದೇ 2.7 ಆರ್. ಟೇಬಲ್ ಟೆನಿಸ್ ಚೆಂಡು ಟೊಳ್ಳು, ಅದಕ್ಕೆ 2.83 ಬೇಕು, ಗಾಳಿಯ ತಡೆ ಬೇರೆ. ಹಾಟ್ ವೀಲ್ಸ್ ಆಟಿಕೆ ಕಾರಿನ ಚಕ್ರ ಹಗುರ, ಹಾಗಾಗಿ ಅದು ಎರಡೂವರೆಗೆ ಹತ್ತಿರ. ಗೋಲಿ, ಚೆಂಡು, ಕಾರು ಮೂರನ್ನೂ ಒಂದೇ ಲೂಪಿನಲ್ಲಿ ಬಿಟ್ಟು ತೋರಿಸಲು ಮಗಳಿಗೆ ಹೇಳಿ. ಕಾರು ಪೈಪಿನಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಚೆಂಡು, ಗೋಲಿ ಎರಡೇ ಸಾಕು. ಆ ಚೆಂಡಿಗೆ ಎರಡಿಂಚಿನ ಪೈಪೇ ಬೇಕಾಗುತ್ತದೆ.