ಗಾಜಿನ ಜಾಡಿಗೆ ಲೀಟರ್ ಗೆರೆ ಹಾಕೋದು ಹೇಗೆ?

ಅನಾನಸ್ ವಿನೆಗರ್ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಸಿಪ್ಪೆ ನೆನೆಸಿದ ನೀರಿಗೆ ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿ ಅಂತ ಅದರಲ್ಲಿತ್ತು. ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರೋದು ಒಂದೇ ಮಾತು: ಜಾಡಿಯಲ್ಲಿ ಎಷ್ಟು ಲೀಟರ್ ಇದೆ ಅಂತ ಗೊತ್ತಾಗೋದು ಹೇಗೆ? ಆದ್ದರಿಂದ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ಮೇಡಂ, ಸೊರಬದ ಹತ್ತಿರ ನಮ್ಮದು ಅನಾನಸ್ ತೋಟ. ಸಣ್ಣ ಹಣ್ಣು ಮಾರಾಟಕ್ಕೆ ಹೋಗದೆ ಉಳಿದುಬಿಡುತ್ತೆ. ವಿನೆಗರ್ ಮಾಡೋಣ ಅಂತ ಶಿವಮೊಗ್ಗದಿಂದ 20 ಲೀಟರಿನ ಗಾಜಿನ ಜಾಡಿ ತಂದಿದ್ದೇವೆ. ಅದರ ಮೇಲೆ ಒಂದು ಗೆರೆಯೂ ಇಲ್ಲ. ಸ್ಕೇಲ್ ಹಿಡಿದು ಎತ್ತರವನ್ನು 20 ಸಮಭಾಗ ಮಾಡಿದರೆ ಆಯ್ತು ಅಂತಾರೆ ನಮ್ಮ ಯಜಮಾನರು. ಅದು ಸರೀನಾ?

ಉತ್ತರ: ಸರಿ ಬರೋದಿಲ್ಲ. ಜಾಡಿಯ ತಳ ನೋಡಿ, ಒಳಗಡೆ ಸ್ವಲ್ಪ ಉಬ್ಬಿರುತ್ತೆ. ಮೇಲೆ ಹೆಗಲಿನ ಹತ್ತಿರ ಕಿರಿದಾಗುತ್ತೆ. ನಡುವೆ ಮಾತ್ರ ನೇರ. ಹಾಗಾಗಿ ಮೊದಲ ಲೀಟರು ಏರುವ ಎತ್ತರವೇ ಬೇರೆ, ಹತ್ತನೆಯದು ಏರುವ ಎತ್ತರವೇ ಬೇರೆ, ಕತ್ತಿನ ಹತ್ತಿರ ಬಂದರೆ ಒಂದು ಲೀಟರಿಗೇ ನೀರು ಸರ್ರನೆ ಮೇಲೆ ಬಂದುಬಿಡುತ್ತೆ. ಅಂಗಡಿಯವರು 20 ಲೀಟರ್ ಅಂದಿದ್ದನ್ನೂ ನಂಬಿ ಕೂರಬೇಡಿ. ಅದು ಕತ್ತಿನವರೆಗೋ, ಬಾಯಿಯವರೆಗೋ, ಯಾರಿಗೆ ಗೊತ್ತು? ನೀರು ಹಾಕಿಯೇ ನೋಡಬೇಕು. ಒಂದು ಸಲ ಮಾಡಿದರೆ ಜಾಡಿ ಇರೋವರೆಗೂ ಆಯ್ತು.

ನೀರನ್ನು ಅಳೆಯೋದಕ್ಕಿಂತ ತೂಗೋದು ಒಳ್ಳೇದು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಬೇಸಿಗೆಯ 30 ಡಿಗ್ರಿ ಬಿಸಿಗೆ ಅದು 996 ಗ್ರಾಂ ಆಗುತ್ತೆ, ಅಷ್ಟೇ. ಅರ್ಧ ಪರ್ಸೆಂಟೂ ವ್ಯತ್ಯಾಸ ಇಲ್ಲ, ಮನೆ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಆದರೆ ಪ್ಲಾಸ್ಟಿಕ್ ಮಗ್ಗಿನ ಮೇಲೆ ಅಚ್ಚು ಹಾಕಿರುವ ಗೆರೆ ಎಷ್ಟೋ ಸಲ ಇದಕ್ಕಿಂತ ಜಾಸ್ತಿ ಆಚೀಚೆ ಇರುತ್ತೆ. ಒಂದು ಲೀಟರಿನ ನೀರಿನ ಬಾಟಲಿಯನ್ನು ಬಾಯಿ ಮಟ್ಟ ತುಂಬಿಸಿ ಸುರಿಯೋರೂ ಇದ್ದಾರೆ. ಅದೂ ತಪ್ಪು. ಬಾಟಲಿಯಲ್ಲಿ ಕತ್ತಿನ ಹತ್ತಿರ ಖಾಲಿ ಜಾಗ ಬಿಟ್ಟೇ ಒಂದು ಲೀಟರ್ ತುಂಬಿರುತ್ತಾರೆ. ಬಾಯಿ ಮಟ್ಟಕ್ಕೆ ಬಂದರೆ ಲೀಟರಿಗಿಂತ ಜಾಸ್ತಿ. ಇಪ್ಪತ್ತು ಸಲ ಸುರಿದಾಗ ಆ ಸ್ವಲ್ಪ ಸ್ವಲ್ಪವೇ ಸೇರಿ ದೊಡ್ಡದಾಗುತ್ತೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಮಾನ್ಯವಾಗಿ 5 ಅಥವಾ 10 ಕೆಜಿ ತೂಗುತ್ತೆ, ಜಾಡಿಯನ್ನೇ ಅದರ ಮೇಲೆ ಇಡೋಕಾಗಲ್ಲ. ಆದ್ದರಿಂದ ಚೊಂಬನ್ನು ಇಡಿ. ಖಾಲಿ ಚೊಂಬಿಟ್ಟು ಸೊನ್ನೆ ಮಾಡಿ, 1,000 ಗ್ರಾಂ ಬರೋವರೆಗೆ ನೀರು ಹಾಕಿ, ಲಾಳಿಕೆ ಇಟ್ಟು ಜಾಡಿಗೆ ಸುರಿಯಿರಿ. ಚೊಂಬಿನ ಕೊನೆಯ ಹನಿಯೂ ಬೀಳಲಿ. ತಕ್ಕಡಿ ಬಗ್ಗೆ ಅನುಮಾನ ಇದ್ದರೆ ಪರಿಚಯದ ದಿನಸಿ ಅಂಗಡಿಯಲ್ಲಿ ಮುದ್ರೆ ಬಿದ್ದ ಒಂದು ಕೆಜಿ ಬಟ್ಟು ಇಟ್ಟು ನೋಡಿ. ಗುರುತು ಹಾಕೋಕೆ ಬಾವಿ ನೀರು, ಅಬ್ಬಿ ನೀರು ಯಾವುದಾದರೂ ನಡೆಯುತ್ತೆ. ಹೇಗೂ ಆಮೇಲೆ ಚೆಲ್ಲಿ ಜಾಡಿ ತೊಳೀತೀರಲ್ಲ.

ಇನ್ನು ಜಾಡಿ ಇಡುವ ಜಾಗ. ನಮ್ಮ ಕಡೆಯ ಹಳೇ ಮನೆಗಳ ನೆಲ ಕಣ್ಣಿಗೆ ಸಮ ಕಂಡರೂ ಎಲ್ಲೋ ಒಂದು ಕಡೆ ಇಳಿಜಾರು ಇದ್ದೇ ಇರುತ್ತೆ. ಜಾಡಿ ಅರ್ಧ ತುಂಬಿದಾಗ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ, ಜಾಡಿಯನ್ನು ಕೂತಲ್ಲೇ ಅರ್ಧ ಸುತ್ತು ತಿರುಗಿಸಿ, ಈಗ ನಿಮ್ಮ ಗುರುತು ಆಚೆ ಬದಿಗೆ ಹೋಗಿರುತ್ತೆ. ಅಲ್ಲೂ ನೀರು ಅದೇ ಗುರುತಿನಲ್ಲಿ ನಿಂತಿದ್ದರೆ ಜಾಗ ಸಮ ಇದೆ. ಇಲ್ಲದಿದ್ದರೆ ಅಡಿಗೆ ಮಡಚಿದ ಗೋಣಿತಾಟು ಕೊಟ್ಟು ಸರಿಮಾಡಿ. ಗಾಜಿಗೆ ಗೋಣಿ ಹೇಗೂ ಬೇಕು, ಬರೀ ಸಿಮೆಂಟಿನ ಮೇಲೆ ಇಡಬೇಡಿ.

ಓದುವಾಗ ಕಣ್ಣು ನೀರಿನ ಮಟ್ಟಕ್ಕೇ ಬರಬೇಕು. ನಿಂತುಕೊಂಡು ಮೇಲಿಂದ ನೋಡಿದರೆ ದಪ್ಪ ಗಾಜು ಮೋಸ ಮಾಡುತ್ತೆ. ಬಗ್ಗಿ, ಕೂತು, ನೇರ ನೋಡಿ. ಗಾಜಿಗೆ ತಾಗುವ ಕಡೆ ನೀರು ಚೂರು ಮೇಲಕ್ಕೆ ಹತ್ತಿರುತ್ತೆ. ಆ ಅಂಚನ್ನು ಬಿಟ್ಟು ಕೆಳಗಿನ ಸಪಾಟು ಮಟ್ಟವನ್ನೇ ಹಿಡಿಯಿರಿ. ಇದು ಅತಿಯಾಯ್ತು ಅನ್ನಬೇಡಿ. ಒಳಗಡೆ 28 ಸೆಂಟಿಮೀಟರ್ ಅಗಲದ ಜಾಡಿಯಲ್ಲಿ ಒಂದು ಲೀಟರ್ ಅಂದರೆ ಬರೀ 1.6 ಸೆಂಟಿಮೀಟರ್ ಎತ್ತರ. ಒಂದು ಮಿಲಿಮೀಟರ್ ತಪ್ಪಿದರೆ 60 ಮಿಲಿ ಹೋಯ್ತು. ದಪ್ಪ ಮಾರ್ಕರಿನಲ್ಲಿ ಎಳೆದ ಗೆರೆಯ ಅಗಲದಲ್ಲೇ 120 ಮಿಲಿ ಅಡಗಿರುತ್ತೆ! ಸಣ್ಣ ತುದಿಯ ಪೆನ್ನೇ ತಗೊಳ್ಳಿ, ಗೆರೆಯ ಮೇಲಂಚೇ ಲೆಕ್ಕ ಅಂತ ಇಟ್ಟುಕೊಳ್ಳಿ.

ಮೊದಲು ಪೇಂಟಿಂಗ್ ಮಾಡೋರು ಅಂಟಿಸುವ ಪೇಪರ್ ಟೇಪನ್ನು ಕೆಳಗಿಂದ ಮೇಲಕ್ಕೆ ಒಂದೇ ಪಟ್ಟಿಯಾಗಿ ಜಾಡಿಯ ಹೊರಗೆ ಅಂಟಿಸಿ. ಒಂದೊಂದು ಲೀಟರಿಗೂ ಅದರ ಮೇಲೆ ಗೆರೆ. 5, 10, 15ಕ್ಕೆ ಉದ್ದ ಗೆರೆ ಎಳೆದು ಅಂಕಿ ಬರೆಯಿರಿ. ಎಲ್ಲಾ ಆದ ಮೇಲೆ ಶಾಶ್ವತ ಗುರುತಿನ ಮಾತು. ಅದನ್ನು ಮುಂದಿನ ಪತ್ರದಲ್ಲಿ ಹೇಳ್ತೀನಿ.

ಪ್ರಶ್ನೆ: ಪರ್ಮನೆಂಟ್ ಮಾರ್ಕರಿನಲ್ಲಿ ಗೆರೆ ಹಾಕಿದ್ದೆ. ಸ್ಪಿರಿಟಿನಲ್ಲಿ ಒರೆಸಿದ ಕೂಡಲೇ ಎಲ್ಲಾ ಅಳಿಸಿಹೋಯ್ತು. ಪೇಪರ್ ಟೇಪ್ ಹಾಕಿದರೆ ಮಳೆಗಾಲದಲ್ಲಿ ಎದ್ದು ಬರುತ್ತೆ. ಏನ್ ಮಾಡ್ಲಿ? (ತೀರ್ಥಹಳ್ಳಿಯಿಂದ)

ಉತ್ತರ: ಮಾರ್ಕರಿನ ಶಾಯಿ ಸ್ಪಿರಿಟಿನಲ್ಲಿ ಕರಗುತ್ತೆ, ಅದಕ್ಕೇ ಹೋಗಿದ್ದು. ಆಗುಂಬೆ, ತೀರ್ಥಹಳ್ಳಿ ಕಡೆಯ ಜಡಿಮಳೆಯ ತಂಡಿಗೆ ಪೇಪರ್ ಟೇಪ್ ನಿಲ್ಲಲ್ಲ, ಅಂಟು ಸಡಿಲಾಗಿ ಬೂಸ್ಟೂ ಹಿಡಿಯುತ್ತೆ. ಟೇಪನ್ನು ಅಳತೆ ಹಾಕೋಕೆ ಮಾತ್ರ ಬಳಸಿ. ಅದರ ಪಕ್ಕದಲ್ಲೇ, ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಮೇಲೆ, ಸಣ್ಣ ಬ್ರಷ್ಷಿನಲ್ಲಿ ಆಯಿಲ್ ಪೇಂಟಿನ ಗೆರೆ ಎಳೆಯಿರಿ. ಚೆನ್ನಾಗಿ ಒಣಗಲಿ, ಆಮೇಲೆ ಟೇಪ್ ಕಿತ್ತುಬಿಡಿ. ಮನೆಯಲ್ಲಿರುವ ನೇಲ್ ಪಾಲಿಶೂ ಆಗುತ್ತೆ. ಯಾವುದೇ ಬಣ್ಣ ಇರಲಿ, ಹೊರಗಡೆ ಮಾತ್ರ, ಒಳಗಡೆ ಬೇಡ. ಹುಳಿ ತಾಗುವ ಕಡೆ ಪೇಂಟ್ ಇರಲೇಬಾರದು. ಒಳಗನ್ನು ಸ್ಪಿರಿಟಿನಲ್ಲಿ ಎಷ್ಟು ಬೇಕಾದರೂ ಒರೆಸಿ, ಹೊರಗಿನ ಗೆರೆಯ ಮೇಲೆ ತಿಕ್ಕಬೇಡಿ.

ಪ್ರಶ್ನೆ: ಅರದಿಂದ ಗಾಜನ್ನೇ ಚೂರು ಗೀರಿ ಗುರುತು ಮಾಡಿದರೆ ಯಾವತ್ತೂ ಹೋಗಲ್ಲ ಅಲ್ವಾ? (ಸಾಗರ)

ಉತ್ತರ: ದಯವಿಟ್ಟು ಬೇಡ. ಕಿಟಕಿ ಗಾಜು ಕತ್ತರಿಸುವವರನ್ನು ನೋಡಿದ್ದೀರಲ್ಲ, ಅವರು ಗಾಜನ್ನು ಪೂರ್ತಿ ಕೊಯ್ಯಲ್ಲ. ಮೇಲೊಂದು ಸಣ್ಣ ಗೀರು ಎಳೆದು ಬಗ್ಗಿಸುತ್ತಾರೆ, ಗಾಜು ಅಲ್ಲೇ ಟಕ್ ಅಂತ ಬಿಡುತ್ತೆ. ನಿಮ್ಮ ಜಾಡಿಗೂ ನೀವು ಅದನ್ನೇ ಮಾಡ್ತಾ ಇದ್ದೀರಿ, ಅದೂ ಇಪ್ಪತ್ತು ಕಡೆ. 20 ಲೀಟರ್ ತುಂಬಿದರೆ ಒಳಗಿನ ತೂಕವೇ 20 ಕೆಜಿ, ಮೇಲೆ ಜಾಡಿಯ ತೂಕ. ಎತ್ತುವಾಗಲೋ ಬಿಸಿ ತಾಗಿದಾಗಲೋ ಆ ಗೀರಿನಿಂದಲೇ ಸೀಳುತ್ತೆ. ಗಾಜಿಗೆ ಹಚ್ಚಿ ಕೊರೆಯುವ ಕ್ರೀಮು ಸಿಗುತ್ತೆ, ಅದು ಕೈ ಸುಡುವಂಥ ರಾಸಾಯನಿಕ, ಮಕ್ಕಳಿರುವ ಮನೆಗೆ ತರೋದೇ ಬೇಡ. ಬಣ್ಣದ ಗೆರೆ ನಾಲ್ಕು ವರ್ಷಕ್ಕೆ ಮಾಸಿದರೆ ಮತ್ತೆ ಹಾಕೋಣ. ಗಾಯ ಆದ ಗಾಜನ್ನು ಸರಿಮಾಡೋಕಾಗಲ್ಲ.

ಹಾಗೇ ಇನ್ನೊಂದು. ಕುದಿಸಿದ ಸಕ್ಕರೆ ನೀರನ್ನು ನೇರ ಜಾಡಿಗೆ ಸುರಿಯಬೇಡಿ. ಮಾಮೂಲಿ ಗಾಜು ಒಮ್ಮೆಲೇ ಅಷ್ಟು ಬಿಸಿ ತಡೆಯಲ್ಲ. ಪಾತ್ರೆಯಲ್ಲೇ ಕೈಗೆ ಬೆಚ್ಚಗೆ ಅನ್ನುವಷ್ಟು ಆರಲಿ. ತುಂಬಿದ ಜಾಡಿಯ ಕತ್ತು ಹಿಡಿದು ಎತ್ತೋದೂ ಬೇಡ. ಖಾಲಿ ಜಾಡಿಯನ್ನು ಅದರ ಜಾಗದಲ್ಲಿ ಇಟ್ಟು ಅಲ್ಲೇ ತುಂಬಿಸಿ.

ಪ್ರಶ್ನೆ: 10 ಲೀಟರ್ ಗೆರೆವರೆಗೆ ಸಿಪ್ಪೆ ನೀರು ಹಾಕಿ, ಒಂದು ಕೆಜಿ ಸಕ್ಕರೆ ಹಾಕಿದೆ. ಈಗ ಗೆರೆ ದಾಟಿ ಮೇಲೆ ಬಂದಿದೆ. ಗೆರೆ ತಪ್ಪಾಗಿದ್ಯಾ? (ಕೊಪ್ಪ)

ಉತ್ತರ: ಗೆರೆ ಸರಿಯಾಗೇ ಇದೆ. ಸಕ್ಕರೆ ಕರಗಿದರೂ ಜಾಗ ತಗೊಳ್ಳುತ್ತೆ. ಒಂದು ಕೆಜಿ ಸಕ್ಕರೆ ಸುಮಾರು 0.6 ಲೀಟರ್ ಜಾಗ ಹಿಡಿಯುತ್ತೆ. ಹಾಗಾಗಿ ನಿಮ್ಮ ಜಾಡಿಯಲ್ಲಿ ಈಗ 10.6 ಲೀಟರ್ ಇದೆ, ಲೀಟರಿಗೆ 94 ಗ್ರಾಂ ಸಕ್ಕರೆ ಆಯ್ತು. ವಿನೆಗರಿಗೆ ಇಷ್ಟು ಆಚೀಚೆ ಆದರೆ ತೊಂದರೆ ಇಲ್ಲ. ಮುಂದಿನ ಸಲ ಸಕ್ಕರೆಯನ್ನು ಸ್ವಲ್ಪ ಸಿಪ್ಪೆ ನೀರಿನಲ್ಲಿ ಕರಗಿಸಿ ಮೊದಲು ಹಾಕಿ, ಆಮೇಲೆ ಉಳಿದ ನೀರನ್ನು ಗೆರೆವರೆಗೆ ತುಂಬಿಸಿ. ಲೆಕ್ಕ ತಾನಾಗೇ ಸರಿಹೋಗುತ್ತೆ.

ಈ ಸಕ್ಕರೆ ಯಾಕೆ ಇಷ್ಟು ಮುಖ್ಯ ಅಂದರೆ, ಯೀಸ್ಟು ಮೊದಲು ಅದನ್ನು ಆಲ್ಕೋಹಾಲ್ ಮಾಡುತ್ತೆ, ಆಮೇಲೆ ಗಾಳಿ ತಾಗಿ ಬೇರೆ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತೆ. ಲೀಟರಿಗೆ 17 ಗ್ರಾಂ ಸಕ್ಕರೆಗೆ ಹೆಚ್ಚುಕಮ್ಮಿ ಒಂದು ಪರ್ಸೆಂಟ್ ಆಲ್ಕೋಹಾಲ್. 100 ಗ್ರಾಮಿಗೆ ಆರು. ಸಕ್ಕರೆ ತೀರಾ ಕಮ್ಮಿಯಾದರೆ ಹುಳಿ ಸಾಲದೆ ಕೆಟ್ಟುಹೋಗುತ್ತೆ. ಸಿಪ್ಪೆ, ತಿರುಳು ಇರುವಾಗ ಗೆರೆ ನೋಡಿ ಲೆಕ್ಕ ಹಾಕಬೇಡಿ, ಅವುಗಳೂ ಸೇರಿ ಮಟ್ಟ ತೋರಿಸುತ್ತೆ. ಸೋಸಿದ ಮೇಲೆ ಅಳೆಯಿರಿ. ನೊರೆಗೆ ಜಾಗ ಬೇಕು, 20 ಲೀಟರಿನ ಜಾಡಿಯಲ್ಲಿ 15ರ ಗೆರೆ ದಾಟಬೇಡಿ.

ಪ್ರಶ್ನೆ: ಹಾಗಾದರೆ ಇದೇ ಜಾಡಿಯಲ್ಲಿ ವೈನೇ ಮಾಡಬಹುದಲ್ವಾ? (ಹೊಸನಗರ)

ಉತ್ತರ: ಗೆರೆಯ ಲೆಕ್ಕ ಅದಕ್ಕೂ ಇದೇ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಅದಕ್ಕೇ ಈ ಅಂಕಣದಲ್ಲಿ ವೈನ್ ವಿಧಾನ ಕೊಡಲ್ಲ.

ಪ್ರಶ್ನೆ: ನಮ್ಮಲ್ಲಿ ಅಜ್ಜಿ ಕಾಲದ ಉಪ್ಪಿನಕಾಯಿ ಭರಣಿ ಇದೆ. ಒಳಗೆ ಎಷ್ಟಿದೆ ಅಂತ ಕಾಣಲ್ಲ. ಅದಕ್ಕೆ ಗುರುತು ಹೇಗೆ? (ಶೃಂಗೇರಿ)

ಉತ್ತರ: ಸ್ಟೀಲಿನ ಉದ್ದ ಸ್ಕೇಲನ್ನು ತಳ ಮುಟ್ಟುವ ಹಾಗೆ ನೇರ ಇಳಿಸಿ. ಒಂದೊಂದು ಲೀಟರ್ ನೀರು ಹಾಕಿದಾಗಲೂ ಎಷ್ಟು ಸೆಂಟಿಮೀಟರಿಗೆ ಬಂತು ಅಂತ ಚೀಟಿಯಲ್ಲಿ ಬರೆದು ಭರಣಿಗೆ ಕಟ್ಟಿಡಿ. ಮರದ ಕೋಲು ಬೇಡ, ಅದು ನೆನೆದು ಬೂಸ್ಟು ಹಿಡಿಯುತ್ತೆ. ಆದರೆ ಹಳೇ ಭರಣಿಯ ಹೊಳಪಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಹುಳಿಗೆ ಅದು ಬಿಡುತ್ತೆ. ವಿನೆಗರಿಗೆ ಗಾಜೇ ಇರಲಿ.

ಪ್ರಶ್ನೆ: 15ಕ್ಕೆ ತುಂಬಿಸಿದ್ದು ಈಗ 14ರ ಹತ್ತಿರ ಇದೆ. ಜಾಡಿ ಸೋರ್ತಿದ್ಯಾ? (ಭದ್ರಾವತಿ)

ಉತ್ತರ: ಅಡಿಯಲ್ಲಿರುವ ಗೋಣಿ ಮುಟ್ಟಿ ನೋಡಿ. ಒಣಗಿದ್ದರೆ ಸೋರ್ತಿಲ್ಲ. ಶುರುವಿನಲ್ಲಿ ನೊರೆ, ಗುಳ್ಳೆ, ತೇಲುವ ತಿರುಳು ಎಲ್ಲಾ ಸೇರಿ ಮಟ್ಟ ಮೇಲೆ ಇರುತ್ತೆ. ಗ್ಯಾಸು ಹೊರಗೆ ಹೋಗಿ ಗಸಿ ತಳಕ್ಕೆ ಕೂತ ಮೇಲೆ ಇಳಿಯುತ್ತೆ. ಬಟ್ಟೆ ಕಟ್ಟಿ ಹುಳಿಗೆ ಬಿಟ್ಟ ಮೇಲೆ ಆವಿಯಾಗಿಯೂ ಹೋಗುತ್ತೆ, ಮಳೆಗಾಲದಲ್ಲಿ ಕಮ್ಮಿ, ಏಪ್ರಿಲ್‌ನಲ್ಲಿ ಜಾಸ್ತಿ. ಮೇಲಿಂದ ನೀರು ಸೇರಿಸಿ ಗೆರೆ ಮುಟ್ಟಿಸೋಕೆ ಹೋಗಬೇಡಿ, ಹುಳಿ ತೆಳ್ಳಗಾಗುತ್ತೆ. ಇವತ್ತಿನ ಮಟ್ಟವನ್ನು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದಿಡಿ. ವಾರ ಬಿಟ್ಟು ಮತ್ತೆ ನೋಡಿ, ಗೋಣಿ ಒಣಗೇ ಇದ್ದು ಮಟ್ಟ ನಿಧಾನಕ್ಕೆ ಇಳೀತಿದ್ದರೆ ಎಲ್ಲಾ ಸರಿ ಇದೆ.