ಇನ್ಫೊಸಿಸ್ ಲಾಭ: ಶೇ 30ರ ಜಿಗಿತಕ್ಕೂ ಶೇ 12ರ ಕುಸಿತಕ್ಕೂ ಮೂಲ ಒಂದೇ

ನಮಸ್ಕಾರ. 2024ರ ಜನವರಿ–ಮಾರ್ಚ್ ತ್ರೈಮಾಸಿಕದಲ್ಲಿ ಇನ್ಫೊಸಿಸ್‌ನ ನಿವ್ವಳ ಲಾಭ ಶೇ 30ರಷ್ಟು ಏರಿತ್ತು, ಮರುವರ್ಷ ಅದೇ ಅವಧಿಯಲ್ಲಿ ಸುಮಾರು ಶೇ 12ರಷ್ಟು ಇಳಿಯಿತು, ಹಾಗಾದರೆ ಷೇರು ಮಾರಿಬಿಡಬೇಕೇ ಎಂದು ಕೇಳಿದ್ದೀರಿ. ಮಾರುವುದು ಬಿಡುವುದು ನಿಮಗೆ ಸೇರಿದ್ದು. ಈ ಎರಡು ಅಂಕಿಗಳನ್ನು ನೆಚ್ಚಿ ಮಾತ್ರ ತೀರ್ಮಾನಕ್ಕೆ ಬರಬೇಡಿ.

2024ರಲ್ಲಿ ಲಾಭವು 6,128 ಕೋಟಿಯಿಂದ 7,969 ಕೋಟಿ ರೂಪಾಯಿಗೆ ಹೋದಾಗ ವರಮಾನ ಹೆಚ್ಚಿದ್ದು ಶೇ 1.3 ಮಾತ್ರ. ವ್ಯವಹಾರ ಹೆಚ್ಚುಕಡಿಮೆ ನಿಂತಲ್ಲೇ ಇರುವಾಗ ಲಾಭ ಹೀಗೆ ಜಿಗಿದರೆ ಮೊದಲು ನೋಡಬೇಕಾದದ್ದು ಲೆಕ್ಕಪತ್ರದಲ್ಲಿನ ‘ಇತರೆ ಆದಾಯ’ವನ್ನು, ಅಂದರೆ ಮುಖ್ಯ ವ್ಯವಹಾರದ ಹೊರಗಿನಿಂದ ಬಂದ ಹಣವನ್ನು. ಹಿಂದಿನ ವರ್ಷಗಳ ಆದಾಯ ತೆರಿಗೆ ಮರುಪಾವತಿಯ ಮೇಲಿನ ಬಡ್ಡಿಯಾಗಿ 1,933 ಕೋಟಿ ರೂಪಾಯಿ ಅಲ್ಲಿ ಸೇರಿಕೊಂಡಿತ್ತು. ಹಳೆಯ ಬಾಕಿ ಕೈಸೇರಿದ ತಿಂಗಳನ್ನು ಸಂಬಳ ಏರಿದ ತಿಂಗಳೆಂದು ಯಾರೂ ಲೆಕ್ಕ ಹಾಕುವುದಿಲ್ಲವಲ್ಲ. ಆ ಬಡ್ಡಿಗೆ ಶೇ 25ರಷ್ಟು ತೆರಿಗೆ ಹಿಡಿದರೆ ಉಳಿಯುವುದು ಸುಮಾರು 1,450 ಕೋಟಿ. ಅದನ್ನು ತೆಗೆದಾಗ ಲಾಭ 6,500 ಕೋಟಿಯ ಆಸುಪಾಸಿಗೆ ಬಂದು, ಏರಿಕೆ ಶೇ 6ರಷ್ಟಕ್ಕೆ ಇಳಿಯುತ್ತದೆ. 2025ರ 7,033 ಕೋಟಿ ಲಾಭವನ್ನು ಈ 6,500 ಕೋಟಿಯೊಂದಿಗೆ ಹೋಲಿಸಿ: ಕುಸಿತದ ಬದಲು ಸುಮಾರು ಶೇ 8ರ ಏರಿಕೆ ಸಿಗುತ್ತದೆ. ಇದು ನನ್ನ ಒರಟು ಲೆಕ್ಕವೇ ಹೊರತು ಕಂಪನಿ ಕೊಟ್ಟದ್ದಲ್ಲ. ಹಣಕಾಸು ವಲಯದ ಗ್ರಾಹಕರೊಬ್ಬರ ಗುತ್ತಿಗೆಯ ಪರಿಷ್ಕರಣೆಯಿಂದ 2024ರ ಅದೇ ತ್ರೈಮಾಸಿಕದ ವರಮಾನಕ್ಕೆ ಒಮ್ಮೆಯ ಪೆಟ್ಟೂ ಬಿದ್ದಿದ್ದರಿಂದ, ಮರುವರ್ಷದ ಹೋಲಿಕೆ ತುಸು ಚೆನ್ನಾಗಿಯೇ ಕಾಣುತ್ತದೆ.

ಆದರೆ ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. 2025ರ ಆ ತ್ರೈಮಾಸಿಕದಲ್ಲಿ ವರಮಾನ ರೂಪಾಯಿ ಲೆಕ್ಕದಲ್ಲಿ ಶೇ 7.9ರಷ್ಟು ಹೆಚ್ಚಿ 40,925 ಕೋಟಿಯಾದರೂ, ಸ್ಥಿರ ಕರೆನ್ಸಿ ಲೆಕ್ಕದಲ್ಲಿ, ಅಂದರೆ ವಿನಿಮಯ ದರದ ಏರಿಳಿತವನ್ನು ಬದಿಗಿಟ್ಟಾಗ, ಹೆಚ್ಚಳ ಶೇ 4.8 ಮಾತ್ರ. ಅರ್ಧಕ್ಕಿಂತ ಹೆಚ್ಚು ವರಮಾನ ಉತ್ತರ ಅಮೆರಿಕದಿಂದ ಬರುವ ಕಂಪನಿಗೆ ರೂಪಾಯಿಯ ದೌರ್ಬಲ್ಯವೂ ಬೆಳವಣಿಗೆಯಂತೆ ಕಾಣುತ್ತದೆ. ಅದರ ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರಂತೂ ಇದೇ ಲೆಕ್ಕದಲ್ಲಿ ವರಮಾನ ಶೇ 3.5ರಷ್ಟು ಇಳಿದಿತ್ತು.

ನಾನಾಗಿದ್ದರೆ ಲಾಭದ ತಲೆಬರಹವನ್ನು ಬಿಟ್ಟು ಕಂಪನಿಯ ಮುನ್ನೋಟವನ್ನು, ಅಂದರೆ ವರಮಾನ ಎಷ್ಟು ಬೆಳೆಯಬಹುದೆಂದು ಅದೇ ಕೊಡುವ ಅಂದಾಜನ್ನು, ಹಿಡಿದುಕೊಳ್ಳುತ್ತಿದ್ದೆ. 2024–25ರಲ್ಲಿ ಸ್ಥಿರ ಕರೆನ್ಸಿಯಲ್ಲಿ ಶೇ 4.2ರಷ್ಟು ಬೆಳೆದ ಇನ್ಫೊಸಿಸ್, 2025–26ಕ್ಕೆ 2025ರ ಏಪ್ರಿಲ್‌ನಲ್ಲಿ ಅಂದಾಜಿಸಿದ್ದು ಶೇ 0ರಿಂದ 3. ಅದೇ ವರ್ಷದ ಜುಲೈನಲ್ಲಿ ಕೆಳಮಿತಿಯನ್ನು ಶೇ 1ಕ್ಕೆ ಏರಿಸಿತು, ಮೇಲ್ಮಿತಿಯನ್ನು ಆಗ ಬದಲಿಸಲಿಲ್ಲ. ನೀವು ಕೊಟ್ಟ ಬೆಲೆ ಇಷ್ಟು ನಿಧಾನದ ಬೆಳವಣಿಗೆಗೆ ತಕ್ಕದ್ದೇ ಎಂದು ಮೊದಲು ಲೆಕ್ಕ ಹಾಕಿ ನೋಡಿ.